ಜಂತಿನ ಔಷಧ ಕುಡಿಸಿದರೂ ಮರಿಗಳು ಸಾಯುತ್ತಿವೆ (ಜೇಜುರಿ ಹತ್ತಿರ), ಯಾರಾದರೂ ದಾರಿ ಹೇಳಿ

ಚಾಕಣ್_ಇಂಡಿ

ಎಲ್ಲರಿಗೂ ನಮಸ್ಕಾರ. ನಾನು ಇಂಡಿ ತಾಲ್ಲೂಕಿನವನು, ಪುಣೆ ಹತ್ತಿರದ ಚಾಕಣ್‌ನಲ್ಲಿ ಕಂಪನಿ ಕೆಲಸ. ಜೇಜುರಿ ಹತ್ತಿರ ಸ್ವಲ್ಪ ಜಮೀನಿದೆ, ಅಲ್ಲಿ ನಮ್ಮ ಭಾವ ಕುರಿ ನೋಡಿಕೊಳ್ಳುತ್ತಾರೆ. ನಾನು ಹೋಗುವುದು ಭಾನುವಾರ ಮಾತ್ರ. ದೊಡ್ಡ ಕುರಿ ನಲವತ್ತರ ಮೇಲಿವೆ, ಹೆಚ್ಚಿನವು ದಖನಿ ತಳಿ, ಕೆಲವು ಮಡಗ್ಯಾಳ. ಮರಿಗಳಿಗೆ ಈಗ ಮೂರರಿಂದ ಐದು ತಿಂಗಳು.

ಮಳೆ ಹಿಡಿದ ಮೇಲೆ ಮರಿಗಳು ಒಂದೊಂದಾಗಿ ಹೋಗುತ್ತಿವೆ. ಮೊದಲು ಹಿಂಡಿನಲ್ಲಿ ಹಿಂದೆ ಬೀಳುತ್ತದೆ, ಆಮೇಲೆ ಗದ್ದದ ಕೆಳಗೆ ನೀರು ತುಂಬಿದ ಹಾಗೆ ಬಾವು, ಸಂಜೆ ದೊಡ್ಡದಾಗಿರುತ್ತದೆ, ಬೆಳಿಗ್ಗೆ ನೋಡಿದರೆ ಇಳಿದಿರುತ್ತದೆ, ಸರಿ ಹೋಯಿತು ಅಂದುಕೊಂಡು ಬಿಟ್ಟರೆ ನಾಲ್ಕೈದು ದಿನದಲ್ಲಿ ಮರಿ ಇಲ್ಲ. ಬೇಧಿ ಇಲ್ಲ, ಹಿಕ್ಕೆ ಗಟ್ಟಿಯಾಗೇ ಇದೆ. ಎರಡು ಮರಿ ಮಾತ್ರ ನೀರಿನಂತೆ ಉಚ್ಚಿಕೊಂಡು ಸತ್ತವು, ವಾಸನೆ ತಡೆಯಲಾಗದು. ಇನ್ನೊಂದು ಎಲ್ಲಕ್ಕಿಂತ ದಷ್ಟಪುಷ್ಟವಾಗಿದ್ದ ಗಂಡುಮರಿ, ರಾತ್ರಿ ಚೆನ್ನಾಗಿ ಮೇವು ತಿಂದಿದೆ, ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿದೆ.

ಆಲ್ಬೆಂಡಜೋಲ್ ಜೂನ್‌ನಲ್ಲಿ ಕುಡಿಸಿದೆವು, ಜುಲೈನಲ್ಲಿ ಮತ್ತೆ ಕುಡಿಸಿದೆವು. ದೊಡ್ಡದು ಚಿಕ್ಕದು ಎಲ್ಲಕ್ಕೂ 5 ಎಂಎಲ್. ಮೆಡಿಕಲ್ ಅಂಗಡಿಯವರು ಕಂಪನಿ ಬದಲಾಯಿಸಿ ಅನ್ನುತ್ತಾರೆ. ಪಕ್ಕದ ಹೊಲದವರು ಹದಿನೈದು ದಿನಕ್ಕೊಮ್ಮೆ ಇಂಜೆಕ್ಷನ್ ಹಾಕಿಸಿ ಅಂತಾರೆ. ಯಾವ ಔಷಧ ಜೋರಾಗಿ ಕೆಲಸ ಮಾಡುತ್ತದೆ, ಅನುಭವ ಇದ್ದವರು ಹೇಳಿ.

ಶಿರೂರ್_ಟಗರು

ಅಣ್ಣಾ, ಔಷಧದ ಹೆಸರು ಆಮೇಲೆ. ನಿಮ್ಮ ಭಾವನಿಗೆ ಫೋನ್ ಮಾಡಿ, ಒಂದು ಮರಿ ಹಿಡಿದು ಕಣ್ಣಿನ ಕೆಳರೆಪ್ಪೆ ಮೆಲ್ಲಗೆ ಎಳೆದು ಒಳಗೆ ಯಾವ ಬಣ್ಣ ಇದೆ ನೋಡಲು ಹೇಳಿ. ಬಿಸಿಲಲ್ಲಿ ನಿಂತು ನೋಡಬೇಕು, ದೊಡ್ಡಿ ಕತ್ತಲಲ್ಲಿ ಅಲ್ಲ. ಕೆಂಪಿದ್ದರೆ ಬೇರೆ ಮಾತು. ಸುಣ್ಣದ ಹಾಗೆ ಬಿಳಿ ಇದ್ದರೆ ರಕ್ತ ಹೀರುವ ಹುಳುವೇ. ನಾನು ಜತ್ತ ಕಡೆಯವನು, ನಮ್ಮಲ್ಲಿ ಮಡಗ್ಯಾಳ ಕುರಿ ಸಾಕಿದವರಿಗೆ ಈ ಗದ್ದದ ಬಾವು ಹೊಸದಲ್ಲ.

ಹಿಕ್ಕೆ ಗಟ್ಟಿ ಇದೆ, ಹಾಗಾಗಿ ಜಂತು ಇರಲಿಕ್ಕಿಲ್ಲ ಅಂತ ಬಹಳ ಜನ ಮೋಸ ಹೋಗುತ್ತಾರೆ. ಈ ಹುಳು ಬೇಧಿ ಮಾಡಿಸುವುದಿಲ್ಲ, ರಕ್ತ ಖಾಲಿ ಮಾಡುತ್ತದೆ. ಮುಂದೆ ಸತ್ತ ಮರಿಯನ್ನು ಹೂಳುವ ಮುಂಚೆ ಡಾಕ್ಟರ ಕೈಲಿ ಹೊಟ್ಟೆ ಕೊಯ್ಸಿ. ಸತ್ತು ಎರಡು ಮೂರು ಗಂಟೆಯೊಳಗೆ ಆಗಬೇಕು, ತಡವಾದರೆ ಹುಳುಗಳೂ ಕೊಳೆತು ಏನೂ ಕಾಣುವುದಿಲ್ಲ. ನಾಲ್ಕನೇ ಹೊಟ್ಟೆಯಲ್ಲಿ ಎರಡು ಮೂರು ಸೆಂಟಿಮೀಟರ್ ಉದ್ದದ, ಕೆಂಪು ಬಿಳಿ ಹೊಸೆದ ದಾರದಂತಹ ಹುಳು ಕಂಡರೆ ಮುಗಿಯಿತು, ಮತ್ತೆ ಯಾರನ್ನೂ ಕೇಳಬೇಕಿಲ್ಲ.

ಬಾರಾಮತಿ_ಹಳಬ

ಇಷ್ಟೆಲ್ಲ ಯಾಕೆ? ನಮ್ಮ ಅಪ್ಪನ ಕಾಲದಲ್ಲಿ ಮೈಲುತುತ್ತ ನೀರಲ್ಲಿ ಕರಗಿಸಿ ಕುಡಿಸುತ್ತಿದ್ದರು. ಈಗಿನ ಬಾಟಲಿ ಔಷಧ ಎಲ್ಲ ನೀರು. ಮೈಲುತುತ್ತ ಜೊತೆ ಬೇವಿನ ಎಲೆ ಅರೆದು ಕೊಡಿ, ಮೂರು ದಿನದಲ್ಲಿ ಗೊತ್ತಾಗುತ್ತದೆ.

ಪಶುವೈದ್ಯ_ಫಲಟಣ

ಮೇಲಿನ ಹಿರಿಯರು ಹೇಳಿದ್ದು ಸುಳ್ಳಲ್ಲ, ಹಿಂದೆ ಮೈಲುತುತ್ತ ಕೊಡುತ್ತಿದ್ದರು, ಬೇರೆ ಏನೂ ಇರಲಿಲ್ಲ. ಆದರೆ ದಯವಿಟ್ಟು ಈಗ ಕೊಡಬೇಡಿ. ಅದರಲ್ಲಿರುವುದು ತಾಮ್ರ. ಸಾಕುಪ್ರಾಣಿಗಳಲ್ಲಿ ತಾಮ್ರದ ವಿಷ ಸುಲಭವಾಗಿ ಏರುವುದು ಕುರಿಗೇ. ಯಕೃತ್ತಿನಲ್ಲಿ ಸೇರುತ್ತಾ ಹೋಗಿ ಒಂದು ದಿನ ಒಮ್ಮೆಲೇ ಕಾಮಾಲೆ ಆಗಿ ಕೆಂಪು ಮೂತ್ರ ಹೋಗಿ ಸಾಯುತ್ತವೆ. ಇದೇ ಕಾರಣಕ್ಕೆ ಆಕಳಿಗೆ ತಂದ ಖನಿಜ ಮಿಶ್ರಣವನ್ನು ಕುರಿಗೆ ಹಾಕಬೇಡಿ ಅನ್ನುತ್ತೇವೆ. ಅದನ್ನೂ ಒಮ್ಮೆ ನೋಡಿಕೊಳ್ಳಿ, ದೊಡ್ಡಿಯಲ್ಲಿ ಎಮ್ಮೆ ಇದ್ದರೆ ಅದರ ಪುಡಿಯನ್ನೇ ಕುರಿಗೂ ಹಾಕುವವರು ಬಹಳ.

ಈಗ ಚಾಕಣ್‌ನವರಿಗೆ. ನೀವು ಬರೆದದ್ದರಲ್ಲಿ ಮೂರು ಬೇರೆ ಬೇರೆ ಸಾವು ಕಾಣುತ್ತಿವೆ ನನಗೆ. ಎಲ್ಲವನ್ನೂ ಜಂತು ಅಂತ ಒಂದೇ ಚೀಲಕ್ಕೆ ಹಾಕಬೇಡಿ.

ಗದ್ದದ ಬಾವು, ಬೇಧಿ ಇಲ್ಲ, ಹಿಂದೆ ಬೀಳುವುದು: ಇದು ಹೀಮಾಂಕಸ್ ಹುಳುವಿನ ಲಕ್ಷಣ. ಒಂದು ಹುಳು ದಿನಕ್ಕೆ ಸುಮಾರು 0.05 ಎಂಎಲ್ ರಕ್ತ ಕಳೆಯುತ್ತದೆ. ಕೇಳಲು ಏನೂ ಅಲ್ಲ ಅನಿಸುತ್ತದೆ. ಮರಿಯೊಳಗೆ 1000 ಹುಳು ಇದ್ದರೆ ದಿನಕ್ಕೆ 50 ಎಂಎಲ್. 12 ಕೆಜಿ ಮರಿಯ ಮೈಯಲ್ಲಿ ಇರುವ ರಕ್ತವೇ ಮುಕ್ಕಾಲು ಲೀಟರಿನ ಆಸುಪಾಸು. ಎಷ್ಟು ದಿನ ತಡೆದೀತು ನೀವೇ ಲೆಕ್ಕ ಹಾಕಿ. ರಕ್ತದ ಜೊತೆ ಪ್ರೋಟೀನ್ ಹೋಗುತ್ತದೆ, ಅದಕ್ಕೇ ನೀರು ಗದ್ದಕ್ಕೆ ಇಳಿಯುವುದು. ಹಗಲೆಲ್ಲ ತಲೆ ಬಗ್ಗಿಸಿ ಮೇಯುತ್ತದೆ, ಸಂಜೆ ಬಾವು. ರಾತ್ರಿ ಮಲಗಿದಾಗ ಇಳಿಯುತ್ತದೆ. ಗುಣ ಆಗಿರುವುದಿಲ್ಲ.

ನೀರಿನಂತೆ ವಾಸನೆ ಬೇಧಿಯ ಎರಡು ಮರಿ: ಇವು ಕೆರೆ ಅಂಚಿನಲ್ಲಿ ಮೇಯ್ದಿದ್ದವಾ? ನಾಝರೆ ಡ್ಯಾಮ್ ಹಿನ್ನೀರು ನಿಮಗೆ ಹತ್ತಿರವೇ. ಬಸವನಹುಳು ಇರುವ ನೀರಿನ ಅಂಚಿನ ಹುಲ್ಲಿನಿಂದ ಚಪ್ಪಟೆ ಜಾತಿಯ ಹುಳು ಬರುತ್ತವೆ. ಅವುಗಳ ಮರಿಹುಳುಗಳು ಸಣ್ಣ ಕರುಳಲ್ಲಿ ಇರುವಾಗ ಇಂತಹ ಬೇಧಿ ಆಗುತ್ತದೆ, ಆ ಹೊತ್ತಿಗೆ ಹಿಕ್ಕೆ ಪರೀಕ್ಷೆಯಲ್ಲಿ ಮೊಟ್ಟೆ ಸಿಗದೇ ಇರಬಹುದು. ಇದಕ್ಕೆ ಆಲ್ಬೆಂಡಜೋಲ್ ನಂಬಿ ಕೂರಬೇಡಿ, ಆಕ್ಸಿಕ್ಲೋಜನೈಡ್ ಬೇಕು. ಬೇಧಿಯಲ್ಲಿ ರಕ್ತ ಇದ್ದು ಮರಿ ಇನ್ನೂ ಚಿಕ್ಕದಾಗಿದ್ದರೆ ಕಾಕ್ಸಿಡಿಯಾ ಇರಬಹುದು, ಅದು ಹುಳುವೇ ಅಲ್ಲ, ಜಂತಿನ ಯಾವ ಔಷಧವೂ ಅದನ್ನು ಮುಟ್ಟುವುದಿಲ್ಲ.

ರಾತ್ರಿ ತಿಂದು ಬೆಳಿಗ್ಗೆ ಸತ್ತ ದಪ್ಪ ಮರಿ: ಕರುಳುಬೇನೆ, ಅಂದರೆ ಇಟಿ, ಅದರ ಅನುಮಾನ ಮೊದಲು. ಚೆನ್ನಾಗಿ ತಿನ್ನುವ ಮರಿಯನ್ನೇ ಅದು ಹಿಡಿಯುವುದು. ಲಸಿಕೆ ಹಾಕಿಸಿದ್ದೀರಾ?

ಇನ್ನು ನಿಮ್ಮ 5 ಎಂಎಲ್ ವಿಷಯ. ಬಾಟಲಿ ಮೇಲೆ ಶೇಕಡಾ ಎಷ್ಟು ಅಂತ ಓದಿ ಹೇಳಿ. 2.5 ಇರುತ್ತದೆ, 10 ಕೂಡ ಇರುತ್ತದೆ. ಅದು ಗೊತ್ತಿಲ್ಲದೆ ಎಂಎಲ್ ಲೆಕ್ಕಕ್ಕೆ ಅರ್ಥವೇ ಇಲ್ಲ.

ಇಂದಾಪುರ_ನೀಲಕ್ಕ

ಡಾಕ್ಟ್ರು ಹೇಳಿದ ಬಸವನಹುಳು ಮಾತು ನಿಜ. ನಮ್ಮದು ಉಜನಿ ಹಿನ್ನೀರಿನ ದಂಡೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿ ಮಾತ್ರ ಹಸಿರು ಇರುತ್ತದೆ, ಕುರಿ ತಾನಾಗೇ ಓಡುತ್ತದೆ. ಆ ಹುಲ್ಲು ನೋಡಿ ಆಸೆ ಪಡಬಾರದು ಅಷ್ಟೇ. ನಾವು ಈಗ ತೊಟ್ಟಿ ಕಟ್ಟಿಸಿ ನೀರು ಅಲ್ಲೇ ಕುಡಿಸುತ್ತೇವೆ, ದಂಡೆಗೆ ಎಮ್ಮೆಗಳನ್ನೂ ಬಿಡುವುದಿಲ್ಲ.

ಚಾಕಣ್_ಇಂಡಿ

ಎಲ್ಲರಿಗೂ ಧನ್ಯವಾದ. ಭಾವನ ಹತ್ತಿರ ಮಾತಾಡಿದೆ. ಕಣ್ಣು ನೋಡಿದ್ದಾರೆ, ಅರ್ಧಕ್ಕಿಂತ ಜಾಸ್ತಿ ಮರಿಗಳದ್ದು ಬಿಳಿಚಿಕೊಂಡಿದೆಯಂತೆ, ಕೆಲವು ತಾಯಿ ಕುರಿಗಳದ್ದೂ ಹಾಗೇ. ಬಾಟಲಿ 2.5 ಶೇಕಡಾ. ಡ್ಯಾಮ್ ಕಡೆ ಮೇ ತಿಂಗಳಲ್ಲಿ ಹೊಡೆದುಕೊಂಡು ಹೋಗಿದ್ದು ನಿಜ. ಪಿಪಿಆರ್ (ಕುರಿ ಆಡುಗಳ ಪ್ಲೇಗ್) ಲಸಿಕೆ ಆಗಿದೆ, ಇಟಿ ಆಗಿಲ್ಲ. ಡಾಕ್ಟ್ರೇ, 5 ಎಂಎಲ್ ಕಡಿಮೆಯಾ ಜಾಸ್ತಿಯಾ?

ಪಶುವೈದ್ಯ_ಫಲಟಣ

ಮರಿಗೆ ಸಾಕು, ತಾಯಿಗೆ ಅರ್ಧ.

2.5 ಶೇಕಡಾ ಅಂದರೆ ಒಂದು ಎಂಎಲ್‌ನಲ್ಲಿ 25 ಮಿಲಿಗ್ರಾಂ. 5 ಎಂಎಲ್‌ನಲ್ಲಿ 125. ಕುರಿಗೆ ಕೆಜಿಗೆ 7.5 ಮಿಲಿಗ್ರಾಂ ಹಿಡಿದರೆ 12 ಕೆಜಿ ಮರಿಗೆ 90 ಮಿಲಿಗ್ರಾಂ ಬೇಕು, ಅಂದರೆ 3.6 ಎಂಎಲ್. ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ಹೋಗಿದೆ. 32 ಕೆಜಿ ತಾಯಿಗೆ 240 ಮಿಲಿಗ್ರಾಂ, ಹತ್ತಿರ ಹತ್ತಿರ 10 ಎಂಎಲ್. ನೀವು ಕೊಟ್ಟಿದ್ದು 5. ಅರ್ಧ ಡೋಸ್‌ಗೆ ದುರ್ಬಲ ಹುಳು ಸಾಯುತ್ತವೆ, ಗಟ್ಟಿ ಹುಳು ಉಳಿಯುತ್ತವೆ, ಉಳಿದದ್ದೇ ಮೊಟ್ಟೆ ಇಡುತ್ತವೆ. ಒಂದು ಹೆಣ್ಣು ಹುಳು ದಿನಕ್ಕೆ 5000ದಿಂದ 10000 ಮೊಟ್ಟೆ. ಮಳೆಗಾಲದ ಬೆಚ್ಚನೆ ಹಸಿಯಲ್ಲಿ ಒಂದು ವಾರದೊಳಗೆ ಅವು ಹುಲ್ಲಿಗೆ ಏರುವ ಮರಿಹುಳು ಆಗುತ್ತವೆ. ಕುರಿಮರಿ ಅದನ್ನು ತಿಂದ ಮೂರು ವಾರಕ್ಕೆ ಅದರ ಹೊಟ್ಟೆಯಲ್ಲೂ ಮೊಟ್ಟೆ ಶುರು. ಜೂನ್ ಮಳೆಗೆ ಶುರುವಾದ ಸುತ್ತು ಜುಲೈ ಕೊನೆ, ಆಗಸ್ಟ್‌ಗೆ ಯಾಕೆ ಸಾವಾಗಿ ಕಾಣುತ್ತದೆ ಅಂತ ಈಗ ಗೊತ್ತಾಯಿತಲ್ವಾ?

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಆಲ್ಬೆಂಡಜೋಲ್ ಆ ಹೊತ್ತಿಗೆ ಹೊಟ್ಟೆಯಲ್ಲಿ ಇದ್ದದ್ದನ್ನು ಕೊಲ್ಲುತ್ತದೆ, ಅಷ್ಟೇ. ಮಾರನೇ ದಿನ ಮರಿ ಅದೇ ಹುಲ್ಲಿಗೆ ಹೋದರೆ ಮಾರನೇ ದಿನದಿಂದಲೇ ಹೊಸ ಹುಳು.

ಮತ್ತೆ ಡೋಸ್ ಯಾವಾಗಲೂ ಗುಂಪಿನಲ್ಲಿ ಎಲ್ಲಕ್ಕಿಂತ ಭಾರದ್ದರ ಲೆಕ್ಕದಲ್ಲಿ. ಮರಿಗಳದ್ದು ಒಂದು ಗುಂಪು, ತಾಯಿಗಳದ್ದು ಒಂದು. ತೂಗುವ ಕಾಟಾ ಇಲ್ಲದಿದ್ದರೆ ಈರುಳ್ಳಿ ತೂಗುವ ಕಾಟಾ ತನ್ನಿ, ಅಂದಾಜು ಬೇಡ. ಕುಡಿಸುವಾಗ ತಲೆ ಆಕಾಶಕ್ಕೆ ಎತ್ತಬೇಡಿ, ಔಷಧ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಿ ಸಾಯುತ್ತವೆ, ಆಮೇಲೆ ಔಷಧ ವಿಷ ಅಂತ ಹೆಸರು. ಬಾಯಿ ಪಕ್ಕದಿಂದ ನಾಲಿಗೆಯ ಹಿಂಭಾಗಕ್ಕೆ ಬಿಡಿ. ಗಬ್ಬಕ್ಕೆ ಹೋತ ಬಿಟ್ಟ ಮೇಲೆ ಒಂದು ತಿಂಗಳೊಳಗಿನ ಆಡು, ಟಗರು ಬಿಟ್ಟ ಮೇಲೆ ಒಂದು ತಿಂಗಳೊಳಗಿನ ಕುರಿ, ಇವಕ್ಕೆ ಆಲ್ಬೆಂಡಜೋಲ್ ಬೇಡವೇ ಬೇಡ, ಗರ್ಭಕ್ಕೆ ತೊಂದರೆ.

ಈಗ ಮಾಡಬೇಕಾದ್ದು ಒಂದೇ. ಪುಣೆಯ ಔಂಧ್‌ನ ರೋಗ ತಪಾಸಣೆ ಪ್ರಯೋಗಾಲಯಕ್ಕೆ ಹಿಕ್ಕೆ ಕೊಡಿ. ನೆಲದಿಂದ ಆರಿಸಬೇಡಿ, ಗುದದಿಂದಲೇ ಬೆರಳು ಹಾಕಿ ತೆಗೆದದ್ದು, ಹತ್ತು ಹನ್ನೆರಡು ಮರಿಗಳದ್ದು, ಒಂದೊಂದಕ್ಕೂ ಬೇರೆ ಡಬ್ಬಿ, ನಂಬರ್ ಬರೆದು. ತಣ್ಣಗೆ ಒಯ್ಯಿರಿ, ಫ್ರೀಜರ್‌ನಲ್ಲಿ ಇಡಬೇಡಿ. ಅದೇ ದಿನ ತೂಕ ನೋಡಿ ಪೂರ್ತಿ ಡೋಸ್ ಆಲ್ಬೆಂಡಜೋಲ್ ಕುಡಿಸಿ. ಹತ್ತರಿಂದ ಹದಿನಾಲ್ಕು ದಿನ ಬಿಟ್ಟು ಅವೇ ಮರಿಗಳ ಹಿಕ್ಕೆ ಮತ್ತೆ ಕೊಡಿ. ಮೊಟ್ಟೆ ಎಣಿಕೆ ಶೇಕಡಾ 95ರಷ್ಟಾದರೂ ಇಳಿಯಬೇಕು. ಇಳಿಯದಿದ್ದರೆ ನಿಮ್ಮ ಹಿಂಡಿನ ಹುಳುವಿಗೆ ಆ ಔಷಧ ನಾಟುತ್ತಿಲ್ಲ ಅಂತ. ಆದರೆ ರೆಪ್ಪೆ ಪೂರ್ತಿ ಬಿಳಿ ಇರುವ, ಬಾವು ಬಂದಿರುವ ಮರಿಗಳನ್ನು ಈ ಪರೀಕ್ಷೆಗೆ ಸೇರಿಸಬೇಡಿ, ಅವಕ್ಕೆ ಕಾಯುವಷ್ಟು ಸಮಯ ಇಲ್ಲ. ಇವತ್ತೇ ಊರಿನ ಡಾಕ್ಟರನ್ನು ಕರೆಸಿ ಬೇರೆ ಗುಂಪಿನ ಔಷಧ ಕೊಡಿಸಿ. ಆ ಮರಿಗಳನ್ನು ಓಡಿಸಿ ಹಿಡಿಯಬೇಡಿ, ರಕ್ತವಿಲ್ಲದ ಮರಿ ಓಡಿದರೆ ಅಲ್ಲೇ ಬೀಳುತ್ತದೆ. ದೊಡ್ಡಿಯಲ್ಲೇ ಕಟ್ಟಿ ಶೇಂಗಾ ಹಿಂಡಿ, ಒಳ್ಳೆ ಮೇವು ಕೊಡಿ.

ಶಿರೂರ್_ಟಗರು

ಡಾಕ್ಟ್ರು ಹೇಳಿದ ಮೇಲೆ ನನ್ನದೊಂದು ಸಣ್ಣ ಮಾತು. ಮೆಡಿಕಲ್ ಅಂಗಡಿಯ "ಕಂಪನಿ ಬದಲಾಯಿಸಿ" ಅನ್ನುವ ಸಲಹೆ ಇದೆಯಲ್ಲ, ಅದು ದುಡ್ಡು ದಂಡ. ಆಲ್ಬೆಂಡಜೋಲ್ ಬಿಟ್ಟು ಫೆನ್‌ಬೆಂಡಜೋಲ್ ತಂದರೆ ಬಾಟಲಿ ಬಣ್ಣ ಬೇರೆ, ಜಾತಿ ಒಂದೇ. ಒಂದಕ್ಕೆ ಸಾಯದ ಹುಳು ಇನ್ನೊಂದಕ್ಕೂ ಸಾಯುವುದಿಲ್ಲ.

ಮರಿ ಹಿಕ್ಕೆಯಲ್ಲಿ ಅಕ್ಕಿಕಾಳಿನಂತಹ ಬಿಳಿ ತುಂಡು ಕಂಡರೂ ಗಾಬರಿ ಬೇಡ. ಅದು ಲಾಡಿಹುಳು. ಕಣ್ಣಿಗೆ ಕಾಣುತ್ತದೆ ಅಂತ ಎಲ್ಲರೂ ಅದನ್ನೇ ಬೈಯುತ್ತಾರೆ. ಕೊಲ್ಲುವುದು ಕಾಣದೇ ಇರುವುದು.

ಪಿಂಪ್ರಿ_ಪಾಟೀಲ

ಇಟಿ ಲಸಿಕೆ ಮಳೆಗೆ ಮೊದಲೇ ಆಗಬೇಕಿತ್ತು, ಇರಲಿ, ಈಗಲಾದರೂ ಹಾಕಿಸಿ. ಮೊದಲ ಸಲ ಹಾಕಿಸುವ ಮರಿಗೆ ಎರಡು ಮೂರು ವಾರ ಬಿಟ್ಟು ಎರಡನೇ ಡೋಸ್ ಬೇಕು, ಒಂದಕ್ಕೇ ನಿಲ್ಲಿಸಬೇಡಿ. ಲಸಿಕೆ ತಯಾರಿಸುವ ಸರ್ಕಾರಿ ಸಂಸ್ಥೆ ಔಂಧ್‌ನಲ್ಲೇ ಇದೆ, ಆದರೆ ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆ ಮೂಲಕ ಹೋಗುವುದೇ ಸುಲಭ. ಹಿಕ್ಕೆ ಡಬ್ಬಿ ಕೊಡಲು ಹೋದವರು ಸುಮ್ನೆ ಅಲ್ಲೆಲ್ಲ ಲಸಿಕೆ ಹುಡುಕುತ್ತಾ ಅಲೆಯಬೇಡಿ, ಬೈಕಿನಲ್ಲಿ ಬಿಸಿಲಲ್ಲಿ ತಂದ ಲಸಿಕೆ ಹಾಕಿದರೂ ಒಂದೇ ಬಿಟ್ಟರೂ ಒಂದೇ.

ಚಾಕಣ್_ಇಂಡಿ

ರಿಪೋರ್ಟ್ ಬಂದಿದೆ. ಮೊದಲ ಸಲ ಗ್ರಾಂಗೆ ಸರಾಸರಿ 2000 ಮೊಟ್ಟೆ. ತೂಗಿ ಪೂರ್ತಿ ಡೋಸ್ ಕೊಟ್ಟ ಮೇಲೆ 1200. ಹೀಮಾಂಕಸ್ ಜಾಸ್ತಿ ಅಂದರು. ಬಾವು ಬಂದಿದ್ದ ಮರಿಗಳಿಗೆ ಊರಿನ ಡಾಕ್ಟರು ಆಗಲೇ ಕ್ಲೋಸಾಂಟೆಲ್ ಅನ್ನುವ ಬೇರೆ ಗುಂಪಿನ ಔಷಧ ಕೊಟ್ಟಿದ್ದರು. ಅವುಗಳಲ್ಲಿ ಎರಡು ಹೋದವು, ಉಳಿದವು ಮೇಯುತ್ತಿವೆ. ಇಟಿ ಮೊದಲ ಡೋಸ್ ಆಯಿತು. ಈಗ ಎಲ್ಲಾ ಹಿಂಡಿಗೂ ಕ್ಲೋಸಾಂಟೆಲ್ ಕುಡಿಸಿ ಬಿಡೋಣ ಅಂತ ಭಾವ ಹಟ ಹಿಡಿದಿದ್ದಾರೆ. ಮಾಡಬಹುದಾ?

ಪಶುವೈದ್ಯ_ಫಲಟಣ

2000ದಿಂದ 1200 ಅಂದರೆ ಶೇಕಡಾ 40 ಇಳಿಕೆ. 95 ಬೇಕಿತ್ತು. ಹೀಮಾಂಕಸ್‌ಗೆ ಸಂಬಂಧಪಟ್ಟಂತೆ ಆ ಗುಂಪಿನ ಔಷಧ ನಿಮ್ಮ ಹಿಂಡಿಗೆ ಮುಗಿಯಿತು ಅಂತಲೇ ತಿಳಿಯಿರಿ.

ಎಲ್ಲಕ್ಕೂ ಕುಡಿಸುವುದು ಬೇಡ. ರೆಪ್ಪೆ ನೋಡಿ ಕುಡಿಸಿ. ಫಮಾಚಾ ಅಂತ ಒಂದು ಕಾರ್ಡ್ ಇದೆ, ದಕ್ಷಿಣ ಆಫ್ರಿಕಾದಲ್ಲಿ ಮಾಡಿದ್ದು. ಐದು ಬಣ್ಣ, 1 ಕಡು ಕೆಂಪು, 5 ಬಿಳಿ. 4 ಮತ್ತು 5ಕ್ಕೆ ಔಷಧ ಕೊಡಲೇಬೇಕು. ಮರಿ ಮತ್ತು ಗಬ್ಬದ ಕುರಿ ಆದರೆ 3ಕ್ಕೂ ಕೊಡಿ. 1, 2 ಇದ್ದವನ್ನು ಬಿಟ್ಟುಬಿಡಿ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಹೀಗೆ ನೋಡಬೇಕು. ಕಾರ್ಡ್ ರಕ್ತ ಹೀರುವ ಹುಳುವಿಗೆ ಮಾತ್ರ, ಡ್ಯಾಮ್ ದಂಡೆಯ ಬೇಧಿಗೆ ಅದು ಏನೂ ಹೇಳುವುದಿಲ್ಲ. ಕ್ಲೋಸಾಂಟೆಲ್ ಡೋಸ್ ಜಾಸ್ತಿಯಾದರೆ ಕುರಿ ಕುರುಡಾಗುತ್ತದೆ, ಅದನ್ನಂತೂ ಅಂದಾಜಿನಲ್ಲಿ ಕೊಡಲೇಬೇಡಿ.

ಶಿರೂರ್_ಟಗರು

ಡಾಕ್ಟ್ರೇ, ಇಲ್ಲಿ ನನಗೆ ಒಪ್ಪಿಗೆ ಇಲ್ಲ. ಹುಳು ಇದೆ ಅಂತ ಗೊತ್ತಿದ್ದೂ ಅರ್ಧ ಹಿಂಡಿಗೆ ಕುಡಿಸದೆ ಬಿಟ್ಟರೆ ಅವು ಹೊಲಕ್ಕೆಲ್ಲ ಮೊಟ್ಟೆ ಉದುರಿಸುತ್ತಾ ಹೋಗುತ್ತವೆ. ಓದಿದವರಿಗೆ ಇದು ಚೆಂದ, ಮರಿ ಸತ್ತರೆ ಹೋಗುವುದು ಕುರಿಯವನ ಹತ್ತು ಸಾವಿರ.

ಪಶುವೈದ್ಯ_ಫಲಟಣ

ನಿಮ್ಮ ಸಿಟ್ಟು ನ್ಯಾಯವೇ, ಅಣ್ಣಾ. ಆದರೆ ಒಂದು ಯೋಚನೆ ಮಾಡಿ. ಎಲ್ಲಕ್ಕೂ ಹೊಸ ಔಷಧ ಕುಡಿಸಿದರೆ ಆ ದಿನ ಬದುಕಿ ಉಳಿಯುವ ಹುಳು ಯಾವುದು? ಆ ಔಷಧಕ್ಕೂ ಸಾಯದ್ದು. ಮುಂದಿನ ಸಂತಾನ ಪೂರ್ತಿ ಅದರದ್ದೇ. ಕೆಂಪು ರೆಪ್ಪೆಯ ಕುರಿಗಳಲ್ಲಿ ಔಷಧ ಸೋಕದ ಹುಳು ಸ್ವಲ್ಪ ಉಳಿದರೆ ಗಟ್ಟಿ ಹುಳುವಿನ ಸಂತಾನ ಅವುಗಳ ಜೊತೆ ಬೆರೆಯುತ್ತದೆ, ಔಷಧ ಇನ್ನೂ ಕೆಲವು ವರ್ಷ ನಡೆಯುತ್ತದೆ. ಹಿಂಡಿನ ಹೆಚ್ಚಿನ ಹುಳು ಕೆಲವೇ ಪ್ರಾಣಿಗಳಲ್ಲಿ ಇರುತ್ತವೆ, ಅವನ್ನು ಹಿಡಿದು ಕುಡಿಸಿದರೆ ಹೊಲಕ್ಕೆ ಬೀಳುವ ಮೊಟ್ಟೆಯ ದೊಡ್ಡ ಪಾಲು ನಿಲ್ಲುತ್ತದೆ. ಆಲ್ಬೆಂಡಜೋಲ್ ಹೋಯಿತು, ಕ್ಲೋಸಾಂಟೆಲ್ ಲೆವಮಿಸೋಲ್ ಕೂಡ ಹೋದರೆ ಆ ಹತ್ತು ಸಾವಿರದ ಮರಿಗೆ ಕೊಡಲು ನನ್ನ ಚೀಲದಲ್ಲಿ ಏನಿರುತ್ತದೆ?

ನೀವು ಹೇಳಿದ ಹೊಲದ ಮೊಟ್ಟೆಗೆ ದಾರಿ ಬೇರೆ ಇದೆ. ಮರಿ ಹಾಕುವ ಆಸುಪಾಸು ತಾಯಿ ಕುರಿಯ ತಡೆಯುವ ಶಕ್ತಿ ಇಳಿದು ಮೊಟ್ಟೆ ಏರುತ್ತದೆ. ಆ ಹೊತ್ತಿನಲ್ಲಿ ತಾಯಿಗೆ ಸರಿಯಾದ ಡೋಸ್, ಹಿಂಡಿ ಕೊಟ್ಟರೆ ಮರಿ ಮೇಯುವ ಹುಲ್ಲು ಎಷ್ಟೋ ಶುದ್ಧ. ಹುಳು ಹುಲ್ಲಿನ ಬುಡದ ಐದು ಸೆಂಟಿಮೀಟರ್‌ನಲ್ಲೇ ಜಾಸ್ತಿ, ಬೋಳು ಮಾಡುವ ತನಕ ಮೇಯಿಸಬೇಡಿ. ಮೊದಲ ಒಳ್ಳೆ ಹುಲ್ಲು ಮರಿಗೆ, ಹಿಂದೆ ಉಳಿದದ್ದು ಗಟ್ಟಿ ತಾಯಿಗಳಿಗೆ. ಹೊಲ ಮೂರು ನಾಲ್ಕು ತುಂಡು ಮಾಡಿ ಒಂದಕ್ಕೆ ನಾಲ್ಕೈದು ವಾರ ರಜೆ ಕೊಡಿ, ಆ ರಜೆಯಲ್ಲಿ ಆಕಳು ಎಮ್ಮೆ ಬಿಡಿ, ಕುರಿಯ ಹುಳು ಅವುಗಳಲ್ಲಿ ಅಷ್ಟಾಗಿ ಬೆಳೆಯುವುದಿಲ್ಲ. ಆಡು ಬಿಟ್ಟರೆ ಪ್ರಯೋಜನ ಇಲ್ಲ, ಎರಡಕ್ಕೂ ಹುಳು ಒಂದೇ.

ಚಾಕಣ್_ಇಂಡಿ

ಸರಿ ಡಾಕ್ಟ್ರೇ, ರೆಪ್ಪೆ ನೋಡಿಯೇ ಕುಡಿಸುತ್ತೇವೆ. ಕಿವಿ ನಂಬರ್ ಹಾಕಿಸಿ ವಹಿ ಇಡಲು ಭಾವನಿಗೆ ಹೇಳಿದ್ದೇನೆ, ಬೈಯುತ್ತಾ ಒಪ್ಪಿದ್ದಾರೆ. ಒಂದು ಕೊನೆ ಪ್ರಶ್ನೆ. ಇಷ್ಟೆಲ್ಲ ಆದರೂ ಕೆಲವು ದಖನಿ ಕುರಿಗಳ ಕಣ್ಣು ಕೆಂಪಾಗೇ ಇದೆ, ಒಮ್ಮೆಯೂ ಬಾವು ಬಂದಿಲ್ಲ. ಅವುಗಳ ಮರಿಗಳೂ ಗಟ್ಟಿ. ಇದಕ್ಕೆ ಏನಾದರೂ ಅರ್ಥ ಇದೆಯಾ?

ಪಶುವೈದ್ಯ_ಫಲಟಣ

ಇದೆ, ಜಂತು ತಡೆಯುವ ಗುಣ ಸ್ವಲ್ಪ ಮಟ್ಟಿಗೆ ರಕ್ತದಲ್ಲೇ ಬರುತ್ತದೆ. ಸುಂದರಬನದ ಗಾರೋಲ್ ತಳಿ ಇದಕ್ಕೆ ಹೆಸರುವಾಸಿ. ನಮ್ಮ ಫಲಟಣದ ನಿಂಬಕರ್ ಸಂಸ್ಥೆಯವರು ಅವಳಿ ಮರಿಗಾಗಿ ದಖನಿಗೆ ಅದರ ರಕ್ತ ಸೇರಿಸಿ ನಾರಿ ಸುವರ್ಣ ತಳಿ ಮಾಡಿದ್ದಾರೆ. ನೀವು ಅಷ್ಟು ದೂರ ಹೋಗಬೇಕಿಲ್ಲ. ವಹಿಯಲ್ಲಿ ಪದೇ ಪದೇ 4, 5 ಬರುವ ತಾಯಿಗಳನ್ನು ಮೊದಲು ಮಾರಿ, ಕೆಂಪು ರೆಪ್ಪೆಯ ತಾಯಿಗಳ ಹೆಣ್ಣುಮರಿ ಉಳಿಸಿಕೊಳ್ಳಿ. ಟಗರು ತರುವಾಗ ಮೈಕಟ್ಟು ನೋಡುವ ಹಾಗೆ ರೆಪ್ಪೆಯನ್ನೂ ಎಳೆದು ನೋಡಿ. ತಂದ ಮೇಲೆ ಹಿಂಡಿಗೆ ಬಿಡುವ ಮೊದಲು ಬೇರೆ ಕಟ್ಟಿ ಹಿಕ್ಕೆ ತೋರಿಸಿ, ಬೇರೆಯವರ ಹಿಂಡಿನ ಗಟ್ಟಿ ಹುಳು ದುಡ್ಡು ಕೊಟ್ಟು ತಂದ ಹಾಗೆ ಆಗಬಾರದು.

ಬಾರಾಮತಿ_ಹಳಬ

ಟಗರು ಬೇಕಿದ್ದರೆ ನನ್ನ ಹತ್ತಿರ ಎರಡು ಇವೆ. ರೆಪ್ಪೆ ಎಳೆದು ನೋಡಿಕೊಂಡೇ ಹೋಗಿ. ಮೈಲುತುತ್ತ ಈ ವರ್ಷ ಕುಡಿಸಿಲ್ಲ.